28 ರಾತ್ರಿ, ಒಂದೇ ಕ್ಯಾಲೆಂಡರ್ ತಿಂಗಳು: ಕಡಿಮೆ ಖರ್ಚಿನ ಜರ್ಮನಿ ಪ್ರವಾಸದ ಪ್ರಕರಣ ಅಧ್ಯಯನ

ಇದೊಂದು ಮಾದರಿ ಪ್ರಕರಣ. ಬೆಂಗಳೂರಿನ ಇಬ್ಬರು ಗೆಳೆಯರು, ಒಬ್ಬರು ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿ. ಇಬ್ಬರಿಗೂ ಯುರೋಪ್ ಹೊಸದು, ಜರ್ಮನ್ ಭಾಷೆ ಬಾರದು. 2026ರ ಆಗಸ್ಟ್ ಕೊನೆಯಿಂದ ಅಕ್ಟೋಬರ್ ನಡುವೆ ಯಾವುದಾದರೂ ನಾಲ್ಕು ವಾರ ರಜೆ ಸಿಗುತ್ತದೆ. ವಿಮಾನ, ವೀಸಾ, ವಿಮೆ ಎಲ್ಲ ಸೇರಿ ತಲೆಗೆ 3 ಲಕ್ಷ ರೂಪಾಯಿ ದಾಟಬಾರದು. ಕೆಳಗೆ ಬರುವ ಹಾಸಿಗೆ, ಊಟ, ವಿಮಾನದ ದರಗಳು ಯೋಜನೆಗೆಂದು ಹಿಡಿದ ಅಂದಾಜು.

ಮೊದಲ ಕರಡು ಸಾಮಾನ್ಯವಾಗಿ ಎಲ್ಲರೂ ಮಾಡುವಂಥದ್ದು. ಸೆಪ್ಟೆಂಬರ್ 12ಕ್ಕೆ ಫ್ರಾಂಕ್‌ಫರ್ಟ್‌ನಲ್ಲಿ ಇಳಿಯುವುದು, ಮೂರು ದಿನ ಸ್ವಿಟ್ಜರ್ಲೆಂಡ್, 20ರಿಂದ 24ರವರೆಗೆ ಮ್ಯೂನಿಕ್, ತಿಂಗಳ ಕೊನೆಗೆ ಬರ್ಲಿನ್, ಅಕ್ಟೋಬರ್ 10ಕ್ಕೆ ವಾಪಸ್. ಓಡಾಟಕ್ಕೆ ವಿದೇಶಿಯರಿಗೆಂದೇ ಮಾರುವ ರೈಲು ಪಾಸ್. ಊರುಗಳ ಆಯ್ಕೆಯಲ್ಲಿ ತಪ್ಪೇನಿಲ್ಲ. ಆದರೂ ಈ ಕರಡು 3 ಲಕ್ಷದಲ್ಲಿ ಮುಗಿಯುವುದಿಲ್ಲ, ಮತ್ತು ಎಷ್ಟು ಹೊಟ್ಟೆ ಕಟ್ಟಿ ಉಳಿಸಿದರೂ ಮುಗಿಯುವುದಿಲ್ಲ. ಹಣ ಸೋರುತ್ತಿರುವುದು ತಾರೀಖುಗಳಲ್ಲಿ.

ಮೂರು ಕಡೆ ಸೋರಿಕೆ ಇದೆ. ಮ್ಯೂನಿಕ್‌ನ ಪ್ರಸಿದ್ಧ ಬಿಯರ್ ಹಬ್ಬವಾದ ಅಕ್ಟೋಬರ್‌ಫೆಸ್ಟ್ 2026ರಲ್ಲಿ ಸೆಪ್ಟೆಂಬರ್ 19ಕ್ಕೆ ಶುರುವಾಗಿ ಅಕ್ಟೋಬರ್ 4ರವರೆಗೆ ನಡೆಯುತ್ತದೆ. ಹೆಸರಿನಲ್ಲಿ ಅಕ್ಟೋಬರ್ ಇದ್ದರೂ ಹಬ್ಬದ ಬಹುಪಾಲು ಸೆಪ್ಟೆಂಬರ್‌ನಲ್ಲೇ ಬರುತ್ತದೆ ಎಂಬುದನ್ನು ಗಮನಿಸದೆ ಎಷ್ಟೋ ಜನ ಸಿಕ್ಕಿಬೀಳುತ್ತಾರೆ. ಆ ದಿನಗಳಲ್ಲಿ ಮ್ಯೂನಿಕ್ ಹಾಸ್ಟೆಲ್ಲಿನ ಡಾರ್ಮ್ (ಹಲವರು ಹಂಚಿಕೊಳ್ಳುವ ಕೋಣೆ) ಹಾಸಿಗೆಗೂ ಮಾಮೂಲಿಯ ಎರಡು, ಮೂರು ಪಟ್ಟು ದರ. ಎರಡನೆಯದು ಸ್ವಿಟ್ಜರ್ಲೆಂಡ್. ಆಲ್ಪ್ಸ್ ಪರ್ವತದ ಮೇಲಿನ ಯುಂಗ್‌ಫ್ರಾಯೋಖ್‌ಗೆ ಹೋಗಿಬರುವ ಪೂರ್ಣ ದರದ ರೈಲು ಟಿಕೆಟ್ ಒಂದೇ 200 ಫ್ರಾಂಕ್ ದಾಟುತ್ತದೆ; ಅಷ್ಟರಲ್ಲಿ ಜರ್ಮನಿಯಲ್ಲಿ ಮೂರು ದಿನ ಕಳೆಯಬಹುದು. ಮೂರನೆಯದು ಹೊರಗೆ ಕಾಣದ್ದು: ಪ್ರವಾಸ ಎರಡು ಕ್ಯಾಲೆಂಡರ್ ತಿಂಗಳಿಗೆ ಹರಡಿದೆ.

ಟಿಕೆಟ್ಟೇ ತಾರೀಖನ್ನು ಹೇಳುತ್ತದೆ

ಜರ್ಮನಿಯಲ್ಲಿ ದೀರ್ಘ ಪ್ರವಾಸದ ಲೆಕ್ಕವನ್ನೇ ಬದಲಿಸಿದ್ದು 2023ರ ಮೇ 1ರಂದು ಬಂದ ಡಾಯ್ಚ್‌ಲಾಂಡ್ ಟಿಕೆಟ್. ಆಗ ತಿಂಗಳಿಗೆ 49 ಯೂರೋ ಇತ್ತು, 2025ರಲ್ಲಿ 58 ಆಯಿತು, 2026ರ ಜನವರಿಯಿಂದ 63. ಈ ಒಂದೇ ಟಿಕೆಟ್‌ನಲ್ಲಿ ದೇಶದ ಎಲ್ಲ ಪ್ರಾದೇಶಿಕ ರೈಲು, ಎಸ್-ಬಾನ್ ಎಂಬ ಉಪನಗರ ರೈಲು, ನಗರಗಳ ಮೆಟ್ರೋ, ಟ್ರಾಮ್, ಬಸ್ಸು ಹತ್ತಬಹುದು. ಆರ್‌ಇ, ಆರ್‌ಬಿ, ಎಸ್ ಎಂದು ಶುರುವಾಗುವ ರೈಲುಗಳು ಸರಿ. ಐಸಿಇ, ಐಸಿ, ಇಸಿ ಎಂಬ ದೂರದೂರಿನ ವೇಗದ ರೈಲುಗಳು, ಖಾಸಗಿಯ ಫ್ಲಿಕ್ಸ್‌ಟ್ರೇನ್ ಇಲ್ಲ. ಪ್ರವಾಸಿಗರಿಗೂ ಸಿಗುತ್ತದೆ.

ಆದರೆ ಇದು ಕ್ಯಾಲೆಂಡರ್ ತಿಂಗಳಿನ ಚಂದಾ. 12ರಂದು ಕೊಂಡರೆ ಮುಂದಿನ 11ರವರೆಗೆ ನಡೆಯುವುದಿಲ್ಲ. ಆ ತಿಂಗಳ ಕೊನೆಯ ದಿನಕ್ಕೆ ಮುಗಿಯಿತು. ಮೊದಲ ಕರಡಿನಂತೆ ಹೋದರೆ ಸೆಪ್ಟೆಂಬರ್‌ಗೊಂದು, ಅಕ್ಟೋಬರ್‌ಗೊಂದು ಎಂದು ತಲೆಗೆ 126 ಯೂರೋ. ಸೆಪ್ಟೆಂಬರ್ 1ಕ್ಕೆ ಇಳಿದು 29ಕ್ಕೆ ಹೊರಟರೆ 63ರಲ್ಲಿ ಇಡೀ ಪ್ರವಾಸ ಮುಗಿಯುತ್ತದೆ. ಆದ್ದರಿಂದ ಈ ಪ್ರಕರಣದಲ್ಲಿ ಮೊದಲು ಗಟ್ಟಿಯಾದದ್ದು ತಿಂಗಳು, ಆಮೇಲೆ ಹಾಸಿಗೆ, ನಕ್ಷೆ ಮೂರನೆಯದು. ಈ ಕ್ರಮವೇ ಇಡೀ ಯೋಜನೆಯ ಜೀವಾಳ.

ಕೊಳ್ಳುವಾಗ ಎಡವುವ ಜಾಗಗಳೂ ಇವೆ. ಹೆಚ್ಚಿನ ಮಾರಾಟಗಾರರು ಯುರೋಪಿನ ಬ್ಯಾಂಕ್ ಖಾತೆಯಿಂದ ಹಣ ಎಳೆಯುವ ವ್ಯವಸ್ಥೆ ಕೇಳುತ್ತಾರೆ; ಭಾರತದ ಖಾತೆ ನಡೆಯದು. ಒಂದೇ ಟಿಕೆಟ್ಟನ್ನು ಹತ್ತಾರು ನಗರ ಸಾರಿಗೆ ಸಂಸ್ಥೆಗಳು ಅದೇ ಬೆಲೆಗೆ ಮಾರುವುದರಿಂದ, ಕ್ರೆಡಿಟ್ ಕಾರ್ಡ್ ಒಪ್ಪುವ ಒಂದು ಆ್ಯಪ್ ಹುಡುಕಿಕೊಂಡರೆ ಸಾಕು. ಎಲ್ಲಿ ಕೊಂಡರೂ ದೇಶವಿಡೀ ಸಲ್ಲುತ್ತದೆ. ಆಗಸ್ಟ್‌ನಲ್ಲಿ ಕೊಳ್ಳುವಾಗ ಆರಂಭದ ದಿನ ಸೆಪ್ಟೆಂಬರ್ 1 ಎಂದೇ ಆರಿಸಬೇಕು; 'ಈಗಲೇ' ಎಂದು ಒತ್ತಿದರೆ ಆಗಸ್ಟ್‌ಗೂ ಪೂರ್ತಿ 63 ಕಡಿತವಾಗುತ್ತದೆ. ಚಂದಾ ತಾನಾಗಿ ಮುಂದುವರಿಯುತ್ತದೆ. ತಿಂಗಳ ಕೊನೆಗೆ ನಿಲ್ಲಬೇಕಾದರೆ ಅದೇ ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡಬೇಕು. ಕೊಂಡ ದಿನವೇ ರದ್ದತಿಯನ್ನೂ ಹಾಕಿ, ದೃಢೀಕರಣದ ಇಮೇಲ್ ಉಳಿಸಿಕೊಳ್ಳುವುದು ಕ್ಷೇಮ. 10 ದಾಟಿದರೆ ಅಕ್ಟೋಬರ್‌ನ ಹಣ ಊರಿಗೆ ಬಂದ ಮೇಲೂ ಹೋಗುತ್ತದೆ.

ಟಿಕೆಟ್ ವೈಯಕ್ತಿಕ. ಹೆಸರು ಪಾಸ್‌ಪೋರ್ಟ್‌ನಲ್ಲಿರುವಂತೆಯೇ ಇರಬೇಕು. ನಮ್ಮಲ್ಲಿ ಇನಿಷಿಯಲ್ ಒಂದು ಕಡೆ ಬಿಡಿಸಿ, ಇನ್ನೊಂದು ಕಡೆ ಬಿಡಿಸದೆ ಬರೆಯುವ ರೂಢಿ ಇರುವುದರಿಂದ ಇದನ್ನು ಒತ್ತಿ ಹೇಳಬೇಕಾಗಿದೆ. ತಪಾಸಕರು ಆ್ಯಪ್‌ನ ಒಳಗಿನ ಕೋಡ್ ಸ್ಕ್ಯಾನ್ ಮಾಡುತ್ತಾರೆ, ಸ್ಕ್ರೀನ್‌ಶಾಟ್ ನಂಬಿಕೊಳ್ಳಬೇಡಿ. ಫೋನ್ ಸತ್ತರೆ ಟಿಕೆಟ್ ಇಲ್ಲದಂತೆಯೇ, ದಂಡ 60 ಯೂರೋ. ಸಣ್ಣ ಪವರ್ ಬ್ಯಾಂಕ್ ಇಲ್ಲಿ ಟಿಕೆಟ್‌ನದೇ ಭಾಗ.

ಮಾರ್ಗ: ಯಾವ ಊರು, ಯಾವ ದಿನ, ಯಾಕೆ

ಬೆಂಗಳೂರಿನಿಂದ ಮ್ಯೂನಿಕ್‌ಗೂ ಫ್ರಾಂಕ್‌ಫರ್ಟ್‌ಗೂ ನೇರ ವಿಮಾನವಿದೆ. ಒಂದರಲ್ಲಿ ಇಳಿದು ಇನ್ನೊಂದರಿಂದ ಹೊರಡುವ ಟಿಕೆಟ್ ತೆಗೆದರೆ ಹೊರಟ ಊರಿಗೇ ಮರಳುವ ಒಂದು ದಿನ, ಒಂದು ರಾತ್ರಿ ಉಳಿಯುತ್ತದೆ. ಇಂಥ ವಿಮಾನಗಳು ನಡುರಾತ್ರಿ ಕಳೆದ ಮೇಲೆ ಹೊರಡುವುದರಿಂದ ಸೆಪ್ಟೆಂಬರ್ 1ರ ವಿಮಾನಕ್ಕೆ ಆಗಸ್ಟ್ 31ರ ರಾತ್ರಿಯೇ ದೇವನಹಳ್ಳಿಯಲ್ಲಿರಬೇಕು.

ಅಕ್ಟೋಬರ್‌ಫೆಸ್ಟ್‌ಗೆ ಮುಂಚೆ ಮ್ಯೂನಿಕ್ ಮುಗಿಸಬೇಕಾದ್ದರಿಂದ ಅದೇ ಮೊದಲ ಊರು, ಆರು ರಾತ್ರಿ. ದುಬಾರಿ ಊರಿನಲ್ಲಿ ಆರು ರಾತ್ರಿ ಯಾಕೆಂದರೆ ಸುತ್ತಲಿನದ್ದೆಲ್ಲ ಅಲ್ಲಿಂದಲೇ ಒಂದು ದಿನದ ದಾರಿ. ಫ್ಯೂಸನ್‌ಗೆ ರೈಲಿನಲ್ಲಿ ಸುಮಾರು ಎರಡು ಗಂಟೆ, ಅಲ್ಲಿಂದ ನಾಯ್‌ಶ್ವಾನ್‌ಸ್ಟೈನ್ ಕೋಟೆಯ ಬುಡಕ್ಕೆ ಬಸ್ಸು, ಎರಡೂ ಟಿಕೆಟ್‌ನೊಳಗೆ. 2025ರ ಜುಲೈನಲ್ಲಿ ಈ ಕೋಟೆ ಯುನೆಸ್ಕೋ ಪಟ್ಟಿ ಸೇರಿತು, ಮ್ಯೂನಿಕ್ ಇರುವ ಬವೇರಿಯಾ ರಾಜ್ಯದ ಶಾಲಾ ರಜೆ ಸೆಪ್ಟೆಂಬರ್ ಮಧ್ಯದವರೆಗೂ ಇರುತ್ತದೆ, ಹಾಗಾಗಿ ಒಳಗೆ ಹೋಗುವ ಸಮಯದ ಟಿಕೆಟ್ ಮುಂಚೆಯೇ ತೆಗೆಯದಿದ್ದರೆ ಸಿಗುವುದು ಕಷ್ಟ. ಕೈ ಬಿಗಿಯಿದ್ದರೆ ಒಳಭಾಗ ಬಿಟ್ಟು ಮರಿಯನ್‌ಬ್ರ್ಯೂಕೆ ಸೇತುವೆಯಿಂದ ನೋಡಿದರೂ ಸಾಕು, ಅದಕ್ಕೆ ಶುಲ್ಕವಿಲ್ಲ. ನಮ್ಮ ಮಟ್ಟಿಗೆ ಕೋಟೆಯ ಅತಿ ಚೆಂದದ ನೋಟ ಅಲ್ಲಿಯದೇ. ಆಸ್ಟ್ರಿಯಾದ ಸಾಲ್ಸ್‌ಬರ್ಗ್ ಮುಖ್ಯ ನಿಲ್ದಾಣದವರೆಗೂ ಇದೇ ಟಿಕೆಟ್ ನಡೆಯುತ್ತದೆ. ಅಲ್ಲಿಯ ನಗರ ಬಸ್ಸಿಗೆ ನಡೆಯದು. ವಾಪಸ್ ಬರುವಾಗ ಗಡಿ ತಪಾಸಣೆ ಇರುವುದರಿಂದ ಮೂಲ ಪಾಸ್‌ಪೋರ್ಟ್ ಜೊತೆಗಿರಲಿ. ನಾಜಿಗಳ ಯಾತನಾ ಶಿಬಿರವಿದ್ದ ದಾಖಾವ್ ಸ್ಮಾರಕಕ್ಕೆ ಎಸ್2 ಮತ್ತು 726ನೇ ಬಸ್ಸು, ಪ್ರವೇಶ ಉಚಿತ. 6ನೇ ತಾರೀಖು ಭಾನುವಾರ: ಆಲ್ಟೆ ಪಿನಕೊಟೆಕ್‌ನಂಥ ರಾಜ್ಯದ ಕಲಾ ಸಂಗ್ರಹಾಲಯಗಳಿಗೆ ಅಂದು 1 ಯೂರೋ ಮಾತ್ರ. ಸೋಮವಾರ ಹೆಚ್ಚಿನ ಮ್ಯೂಸಿಯಂಗಳು ಮುಚ್ಚಿರುತ್ತವೆ, ಆದ್ದರಿಂದ ಊರು ಬದಲಿಸುವ ದಿನ ಸೋಮವಾರವಾದರೆ ನಷ್ಟವಿಲ್ಲ.

7 ಮತ್ತು 8ನೇ ರಾತ್ರಿ ಟ್ಯೂಬಿಂಗನ್. ಸಾಮಾನ್ಯ ಪ್ರವಾಸಿ ಪಟ್ಟಿಯಲ್ಲಿ ಈ ಊರು ಕಾಣುವುದಿಲ್ಲ, ಆದರೆ ಕನ್ನಡಿಗರು ನೋಡಬೇಕಾದ ಊರು. 1843ರಲ್ಲಿ 'ಮಂಗಳೂರು ಸಮಾಚಾರ' ಹೊರಡಿಸಿದ ಹೆರ್ಮನ್ ಮೊಗ್ಲಿಂಗ್ ಓದಿದ್ದು ಇಲ್ಲಿ; ಕನ್ನಡದ ಕೆಲಸಕ್ಕಾಗಿ ಅವರಿಗೆ 1858ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿದ್ದೂ ಇಲ್ಲಿಯ ವಿಶ್ವವಿದ್ಯಾಲಯ. 1894ರ ನಿಘಂಟಿನ ಫರ್ಡಿನಾಂಡ್ ಕಿಟೆಲ್ 1903ರಲ್ಲಿ ಕೊನೆಯುಸಿರೆಳೆದದ್ದು ಇದೇ ಊರಿನಲ್ಲಿ. ನೆಕ್ಕರ್ ನದಿಯ ದಂಡೆಯ ಹಳೆಯ ಪೇಟೆ ನಡೆದು ನೋಡುವಷ್ಟು ಚಿಕ್ಕದು.

ಅಲ್ಲಿಂದ ನ್ಯೂರೆಂಬರ್ಗ್‌ಗೆ ಮೂರು ರಾತ್ರಿ. ಇಲ್ಲಿಯ ಯೂತ್ ಹಾಸ್ಟೆಲ್ ಇರುವುದು ಕೋಟೆಯ ಹಳೆಯ ಕುದುರೆ ಲಾಯದ ಕಟ್ಟಡದಲ್ಲಿ. 12ರ ಶನಿವಾರ ಲೈಪ್ಸಿಗ್‌ಗೆ. ಐಸಿಇ ಸುಮಾರು ಎರಡು ಗಂಟೆಯಲ್ಲಿ ಮುಟ್ಟಿಸುವ ಈ ದಾರಿಗೆ ಪ್ರಾದೇಶಿಕ ರೈಲಿನಲ್ಲಿ ನಾಲ್ಕೂವರೆಯಿಂದ ಐದು ಗಂಟೆ ಬೇಕು. ಇಡೀ ದಿನ ರೈಲಿನಲ್ಲೇ ಹೋಯಿತು ಅನ್ನಿಸದಂತೆ ಮಾಡಲು ಬಾಂಬರ್ಗ್‌ನಲ್ಲಿ ಇಳಿದು, ಚೀಲ ಲಾಕರ್‌ನಲ್ಲಿಟ್ಟು, ಮೂರು ತಾಸು ಊರು ನೋಡಿ ಮುಂದಿನ ರೈಲು ಹಿಡಿಯುವುದು. ಡಾಯ್ಚ್‌ಲಾಂಡ್ ಟಿಕೆಟ್‌ಗೆ ಇಂಥದ್ದೇ ರೈಲು ಹತ್ತಬೇಕೆಂಬ ಕಟ್ಟು ಇಲ್ಲದಿರುವುದರ ನಿಜವಾದ ಲಾಭ ಇದು.

ಲೈಪ್ಸಿಗ್ ಎರಡು ರಾತ್ರಿ, ಡ್ರೆಸ್ಡೆನ್ ಮೂರು. ಪೂರ್ವದ ಈ ಎರಡು ಊರುಗಳಲ್ಲಿ ಹಾಸಿಗೆ ಅಗ್ಗ, ಮ್ಯೂನಿಕ್‌ನಲ್ಲಿ ಖರ್ಚಾದದ್ದು ಇಲ್ಲಿ ಸರಿದೂಗುತ್ತದೆ. ಡ್ರೆಸ್ಡೆನ್‌ನಿಂದ ಎಸ್1 ಹತ್ತಿ ಕುರ್‌ಓರ್ಟ್ ರಾಟನ್‌ನಲ್ಲಿ ಇಳಿದು, ಎಲ್ಬೆ ನದಿಯನ್ನು ದೋಣಿಯಲ್ಲಿ ದಾಟಿ, ಬಾಸ್ಟೈ ಬಂಡೆಗಳಿಗೆ ಹತ್ತುವುದು ಈ ಪ್ರವಾಸದ ಅತ್ಯುತ್ತಮ ದಿನಗಳಲ್ಲೊಂದಾಗುತ್ತದೆ. ದೋಣಿಯ ಸಣ್ಣ ಶುಲ್ಕ ಬೇರೆ.

ಬರ್ಲಿನ್ 17ರಿಂದ ನಾಲ್ಕು ರಾತ್ರಿ, 21ರ ಸೋಮವಾರ ಬೆಳಿಗ್ಗೆ ಹೊರಡಲೇಬೇಕು. 22ರಿಂದ 25ರವರೆಗೆ ಅಲ್ಲಿ ಇನ್ನೋಟ್ರಾನ್ಸ್ ಎಂಬ ರೈಲು ತಂತ್ರಜ್ಞಾನದ ಭಾರಿ ಮೇಳ. ಊರಿನ ಹಾಸಿಗೆಗಳೆಲ್ಲ ತುಟ್ಟಿಯಾಗುತ್ತವೆ. ಮುಂದಿನ ಊರು ಹ್ಯಾಂಬರ್ಗ್ ಎಂದುಕೊಂಡರೆ ಅಲ್ಲಿಯೂ ಅದೇ 22ರಿಂದ 25ರವರೆಗೆ ಪವನ ವಿದ್ಯುತ್ ಮೇಳ. ಹಾಗಾಗಿ ಮಲಗುವುದು ಹ್ಯಾಂಬರ್ಗ್‌ನಲ್ಲಲ್ಲ, ಲ್ಯೂಬೆಕ್‌ನಲ್ಲಿ, ಮೂರು ರಾತ್ರಿ. ಮಧ್ಯೆ ಮುಕ್ಕಾಲು ಗಂಟೆಯ ರೈಲು, ಟಿಕೆಟ್ ಹೇಗೂ ಕೈಯಲ್ಲಿದೆ. ಲ್ಯೂಬೆಕ್‌ನ ಹಳೆಯ ಊರು 1987ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ, ಸ್ವತಃ ನೋಡುವಂಥದ್ದೇ. ಹ್ಯಾಂಬರ್ಗ್‌ನಲ್ಲಿ ಬಂದರು ನೋಡಲು ದುಡ್ಡು ಕೊಟ್ಟು ದೋಣಿ ವಿಹಾರಕ್ಕೆ ಹೋಗುವ ಅಗತ್ಯವಿಲ್ಲ: ಲಾಂಡುಂಗ್ಸ್‌ಬ್ರ್ಯೂಕನ್‌ನಿಂದ ಫಿಂಕನ್‌ವೆರ್ಡರ್‌ಗೆ ಹೋಗುವ 62ನೇ ನಂಬರಿನ ದೋಣಿ ನಗರ ಸಾರಿಗೆಯದ್ದು, ಟಿಕೆಟ್‌ನೊಳಗೇ ಬರುತ್ತದೆ. 1911ರ ಹಳೆಯ ಎಲ್ಬೆ ಸುರಂಗದಲ್ಲಿ ನದಿಯಡಿ ನಡೆದು ದಾಟುವುದಕ್ಕೂ ಕಾಸಿಲ್ಲ.

ಮೇಳಗಳ ವಿಷಯ ಇಷ್ಟು ಹೇಳಲು ಕಾರಣವಿದೆ. ಜರ್ಮನ್ ನಗರಗಳಲ್ಲಿ ದರ ಏರಿಸುವುದು ಪ್ರವಾಸಿಗರ ಸೀಸನ್‌ಗಿಂತ ಹೆಚ್ಚಾಗಿ 'ಮೆಸ್ಸೆ' ಎಂದು ಕರೆಯುವ ವ್ಯಾಪಾರ ಮೇಳಗಳು. ಒಂದು ಊರಿನಲ್ಲಿ ಮಂಗಳವಾರದ ಹಾಸಿಗೆ ಶನಿವಾರದ್ದಕ್ಕಿಂತ ದುಬಾರಿ ಕಂಡರೆ ಆ ವಾರ ಮೆಸ್ಸೆ ಇದೆ ಎಂದೇ ತಿಳಿಯಬೇಕು. ಅಂಥ ವಾರದಲ್ಲಿ ಅರ್ಧ, ಮುಕ್ಕಾಲು ಗಂಟೆ ದೂರದ ಊರಿನಲ್ಲಿ ಮಲಗಿ ರೈಲಿನಲ್ಲಿ ಓಡಾಡುವುದು ಬಗೆಹರಿಯುವ ದಾರಿ.

24ರಿಂದ ಕಲೋನ್ ಮೂರು ರಾತ್ರಿ. 27ರ ಭಾನುವಾರ ರೈನ್ ಕಣಿವೆಯ ಬಾಖರಾಖ್‌ನಲ್ಲಿ ಒಂದು ರಾತ್ರಿ. ಅಲ್ಲಿ ಸ್ಟಾಲೆಕ್ ಕೋಟೆಯೇ ಯೂತ್ ಹಾಸ್ಟೆಲ್. ಶನಿವಾರ ಸಿಗುವುದು ಕಷ್ಟ, ಭಾನುವಾರ ಸುಲಭ. ಕಲೋನ್‌ನಿಂದ ಆರ್‌ಬಿ26 ನದಿಯ ಎಡದಂಡೆಯಲ್ಲೇ ಸಾಗುತ್ತದೆ, ರೈಲಿನ ಎಡಗಡೆ ಕಿಟಕಿ ಹಿಡಿದರೆ ನದಿ ಕಾಣುತ್ತದೆ. ಬಲದಂಡೆಯ ಮಾರ್ಗ 2026ರ ಜುಲೈನಿಂದ ಡಿಸೆಂಬರ್‌ವರೆಗೆ ದುರಸ್ತಿಗಾಗಿ ಮುಚ್ಚುವ ಪಟ್ಟಿಯಲ್ಲಿರುವುದರಿಂದ ಆ ಕಡೆಯ ಊರುಗಳನ್ನು ಯೋಜನೆಯಿಂದ ಬಿಡಲಾಗಿದೆ. ನಿಲ್ದಾಣದಿಂದ ಕೋಟೆಗೆ ಕಡಿದಾದ ಮೆಟ್ಟಿಲು ದಾರಿ. ಗಾಲಿಯ ಸೂಟ್‌ಕೇಸ್ ಇದ್ದವರಿಗೆ ಅಲ್ಲಿ ನರಕ. ಈ ಇಡೀ ಪ್ರವಾಸಕ್ಕೆ ತಲೆಗೆ 9 ಕಿಲೋ ಮೀರದ ಬೆನ್ನುಚೀಲ ಒಂದೇ ಎಂಬ ನಿಯಮ ಹುಟ್ಟಿದ್ದು ಇಂಥ ಮೆಟ್ಟಿಲುಗಳಿಂದ ಮತ್ತು ಕೆಟ್ಟು ನಿಂತ ನಿಲ್ದಾಣದ ಲಿಫ್ಟ್‌ಗಳಿಂದ.

ಕೊನೆಯ ರಾತ್ರಿ ಫ್ರಾಂಕ್‌ಫರ್ಟ್ ಬದಲು ಮೈನ್ಸ್. ಅಲ್ಲಿಂದ ಎಸ್8 ಅರ್ಧ ಗಂಟೆಯೊಳಗೆ ನೇರ ವಿಮಾನ ನಿಲ್ದಾಣಕ್ಕೆ ಹೋಗುತ್ತದೆ.

ಪ್ರಾದೇಶಿಕ ರೈಲು ಕೈಕೊಡುವ ಬಗೆ

63 ಯೂರೋಗೆ ಬದಲಾಗಿ ಕೊಡುವುದು ಸಮಯ ಮತ್ತು ತಾಳ್ಮೆ. ಜರ್ಮನ್ ರೈಲು ಗಡಿಯಾರದಂತೆ ಓಡುತ್ತದೆ ಎಂದು ನಂಬಿ ಐದು ನಿಮಿಷದ ಬದಲಾವಣೆಗಳನ್ನು ಹೆಣೆದರೆ ಎರಡನೇ ರೈಲು ಕಣ್ಣೆದುರೇ ಹೋಗುತ್ತದೆ. ಜರ್ಮನ್ ರೈಲ್ವೆಯ ಡಿಬಿ ನ್ಯಾವಿಗೇಟರ್ ಆ್ಯಪ್‌ನಲ್ಲಿ ಎರಡು ಆಯ್ಕೆ ಮೊದಲೇ ಹಾಕಿಡಬೇಕು: ಪ್ರಾದೇಶಿಕ ರೈಲು ಮಾತ್ರ ತೋರಿಸು, ಮತ್ತು ಬದಲಾವಣೆಗೆ ಕನಿಷ್ಠ 15 ನಿಮಿಷ. ಮೊದಲನೆಯದನ್ನು ಹಾಕದಿದ್ದರೆ ಆ್ಯಪ್ ಮಧ್ಯದಲ್ಲೊಂದು ಐಸಿ ಸೇರಿಸಿ ತೋರಿಸುತ್ತದೆ; ಗಮನಿಸದೆ ಹತ್ತಿದರೆ ಟಿಕೆಟ್ ಇಲ್ಲದ ಪ್ರಯಾಣ. ರೈಲು ತಡವಾಯಿತೆಂದು ಐಸಿಇ ಹತ್ತುವ ಸೌಲಭ್ಯವೂ ಈ ಟಿಕೆಟ್‌ಗಿಲ್ಲ.

ಫಲಕದಲ್ಲಿ ಓದಲು ಬರಬೇಕಾದದ್ದು ಮೂರೇ ಮಾತು. 'ಫೆಲ್ಟ್ ಔಸ್' ಎಂದರೆ ರೈಲು ರದ್ದು. 'ಗ್ಲೈಸ್' ಎಂದರೆ ಪ್ಲಾಟ್‌ಫಾರ್ಮ್. ಅದು ಕೊನೆ ಗಳಿಗೆಯಲ್ಲೂ ಬದಲಾಗುತ್ತದೆ. 'ಎಸ್‌ಇವಿ' ಎಂದರೆ ರೈಲಿನ ಬದಲು ಬಸ್ಸು. ಅದು ನಿಲ್ದಾಣದ ಹೊರಗೆ ಎಲ್ಲೋ ನಿಲ್ಲುತ್ತದೆ, ಹುಡುಕಲು ಹತ್ತು ನಿಮಿಷ ಇಟ್ಟುಕೊಳ್ಳಬೇಕು. ಇನ್ನೊಂದು, ರೈಲು ದಾರಿಯಲ್ಲಿ ತುಂಡಾಗುತ್ತದೆ. ಮ್ಯೂನಿಕ್‌ನಿಂದ ದಕ್ಷಿಣಕ್ಕೆ ಹೋಗುವ ರೈಲು ಹೋಲ್ಸ್‌ಕಿರ್ಶನ್‌ನಲ್ಲಿ ಬಿಡಿಯಾಗಿ, ಒಂದು ಭಾಗ ಬೈರಿಶ್‌ಸೆಲ್ ಕಡೆಗೆ, ಉಳಿದದ್ದು ಟೇಗರ್ನ್‌ಸೇ, ಲೆಂಗ್‌ಗ್ರೀಸ್ ಕಡೆಗೆ ಹೋಗುತ್ತದೆ. ಸರಿಯಾದ ರೈಲಿನ ತಪ್ಪು ಡಬ್ಬಿಯಲ್ಲಿ ಕೂತರೆ ತಪ್ಪು ಊರು. ಡಬ್ಬಿಯ ಬಾಗಿಲ ಬಳಿಯ ಫಲಕದಲ್ಲಿ ಆ ಡಬ್ಬಿ ಹೋಗುವ ಊರು ಬರೆದಿರುತ್ತದೆ. ಪ್ಲಾಟ್‌ಫಾರ್ಮ್‌ನ ಫಲಕಕ್ಕಿಂತ ಅದನ್ನು ನಂಬಬೇಕು.

ದೊಡ್ಡ ಮಾರ್ಗಗಳನ್ನು ತಿಂಗಳುಗಟ್ಟಲೆ ಮುಚ್ಚಿ ಒಟ್ಟಿಗೆ ದುರಸ್ತಿ ಮಾಡುವ ಕಾರ್ಯಕ್ರಮವೂ ನಡೆದಿದೆ. 2024ರಲ್ಲಿ ಫ್ರಾಂಕ್‌ಫರ್ಟ್-ಮ್ಯಾನ್‌ಹೈಮ್ ಮಾರ್ಗದಿಂದ ಶುರುವಾಯಿತು. ಬರ್ಲಿನ್-ಹ್ಯಾಂಬರ್ಗ್ ಮಾರ್ಗ 2025ರ ಆಗಸ್ಟ್ 1ರಿಂದ ಮುಚ್ಚಿತು. ಆದ್ದರಿಂದ ಪ್ರತಿ ಊರು ಬದಲಾವಣೆಯ ದಾರಿಯನ್ನೂ ಎರಡು ಸಲ ನೋಡಬೇಕು: ಬುಕಿಂಗ್‌ಗೆ ಮೊದಲು ಒಮ್ಮೆ, ಹೊರಡುವ ಹಿಂದಿನ ಸಂಜೆ ಇನ್ನೊಮ್ಮೆ.

ಇಡೀ ಮಾರ್ಗದಲ್ಲಿ ಒಂದೇ ಒಂದು ಕಡೆ ಈ ಟಿಕೆಟ್ಟನ್ನು ಬದಿಗಿಟ್ಟು ಬೇರೆ ಹಣ ಕೊಡುವುದು ಸರಿ: ಹ್ಯಾಂಬರ್ಗ್‌ನಿಂದ ಕಲೋನ್. ಪ್ರಾದೇಶಿಕ ರೈಲಿನಲ್ಲಾದರೆ ಬ್ರೆಮೆನ್, ಓಸ್ನಾಬ್ರ್ಯೂಕ್, ಮ್ಯೂನ್‌ಸ್ಟರ್ ಎಂದು ಮೂರು ಕಡೆ ಇಳಿದು ಹತ್ತಬೇಕು, ಎಲ್ಲ ಸರಿಹೋದರೂ ಆರು ಗಂಟೆ ದಾಟುತ್ತದೆ. ನೇರ ರೈಲು ಸುಮಾರು ನಾಲ್ಕು ಗಂಟೆ. ಕೆಲವು ವಾರ ಮುಂಚೆ ತೆಗೆದ ಅಗ್ಗದ ಟಿಕೆಟ್‌ಗೆ 25 ಯೂರೋ ಇಟ್ಟುಕೊಂಡರೆ ಅರ್ಧ ದಿನ ಉಳಿಯುತ್ತದೆ. ಇಂಥ ಟಿಕೆಟ್ ಆ ಒಂದು ರೈಲಿಗೆ ಮಾತ್ರ ಕಟ್ಟು, ಹಾಗಾಗಿ ಲ್ಯೂಬೆಕ್‌ನಿಂದ ಹ್ಯಾಂಬರ್ಗ್‌ಗೆ ಒಂದು ರೈಲು ಮುಂಚೆಯೇ ಬಂದಿರಬೇಕು.

ಹಾಸಿಗೆ

ಜಗತ್ತಿನ ಮೊದಲ ಯೂತ್ ಹಾಸ್ಟೆಲ್ ಹುಟ್ಟಿದ್ದು ಜರ್ಮನಿಯ ಆಲ್ಟೆನಾ ಕೋಟೆಯಲ್ಲಿ, 1912ರಲ್ಲಿ. ಆ ಜಾಲ ಇಂದಿಗೂ ದೇಶವಿಡೀ ಇದೆ, ತಂಗಲು ಸದಸ್ಯತ್ವ ಬೇಕು. ಭಾರತದ ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್ ಅದೇ ಅಂತರರಾಷ್ಟ್ರೀಯ ಒಕ್ಕೂಟದ ಸದಸ್ಯ ಸಂಸ್ಥೆ. ಇಲ್ಲಿಯೇ ಅಂತರರಾಷ್ಟ್ರೀಯವಾಗಿ ಸಲ್ಲುವ ಕಾರ್ಡ್ ಮಾಡಿಸಿಕೊಂಡು ಹೋಗಬಹುದು. ಅಲ್ಲಿ ಹಾಸಿಗೆ ಹೊದಿಕೆ, ಬೆಳಗಿನ ತಿಂಡಿ ಸಾಮಾನ್ಯವಾಗಿ ದರದಲ್ಲೇ ಸೇರಿರುತ್ತದೆ, ಆದರೆ ಅಡುಗೆಮನೆ ಬಹುತೇಕ ಇರುವುದಿಲ್ಲ. ಖಾಸಗಿ ಹಾಸ್ಟೆಲ್‌ಗಳಲ್ಲಿ ಅಡುಗೆಮನೆ ಸಿಗುತ್ತದೆ, ತಿಂಡಿಗೆ ಬೇರೆ ಹಣ. ಸಸ್ಯಾಹಾರಿ ಜೊತೆಗಿರುವಾಗ ಹೆಚ್ಚು ರಾತ್ರಿ ಕಳೆಯುವ ಮ್ಯೂನಿಕ್, ಡ್ರೆಸ್ಡೆನ್, ಬರ್ಲಿನ್‌ನಲ್ಲಿ ಅಡುಗೆಮನೆ ಇರುವುದೇ ಮುಖ್ಯ; ಟ್ಯೂಬಿಂಗನ್, ನ್ಯೂರೆಂಬರ್ಗ್, ಬಾಖರಾಖ್‌ನಲ್ಲಿ ಯೂತ್ ಹಾಸ್ಟೆಲ್ ಸಾಕು. ಸಣ್ಣ ಯೂತ್ ಹಾಸ್ಟೆಲ್‌ಗಳಲ್ಲಿ ಮಧ್ಯಾಹ್ನ ರಿಸೆಪ್ಷನ್ ಮುಚ್ಚಿರುತ್ತದೆ, ರಾತ್ರಿ ತಡವಾಗಿ ಬರುವವರು ಮುಂಚೆ ತಿಳಿಸಬೇಕು.

ತಲೆಗೆ ಹಿಡಿದ ದರ: ಮ್ಯೂನಿಕ್ 42 ಯೂರೋ, ಟ್ಯೂಬಿಂಗನ್ 40, ನ್ಯೂರೆಂಬರ್ಗ್ 38, ಲೈಪ್ಸಿಗ್ ಮತ್ತು ಡ್ರೆಸ್ಡೆನ್ 26, ಬರ್ಲಿನ್ 32, ಲ್ಯೂಬೆಕ್ 34, ಕಲೋನ್ 35, ಬಾಖರಾಖ್ 42, ಮೈನ್ಸ್ 40. 28 ರಾತ್ರಿಗೆ 993. ಹಲವು ನಗರಗಳು ತಂಗುವ ದರದ ಮೇಲೆ ತೆರಿಗೆ ಹಾಕುತ್ತವೆ, ಬರ್ಲಿನ್‌ನಲ್ಲಿ 2025ರಿಂದ ಶೇಕಡಾ 7.5, ಕಲೋನ್‌ನಲ್ಲಿ 5. ಅದನ್ನೂ ಸೇರಿಸಿ 1,020.

ಊಟ

ದಿನಕ್ಕೆ ತಲೆಗೆ 15 ಯೂರೋ. ಹೊರಗೆ ಒಂದೇ ಊಟ, ಉಳಿದದ್ದು ಸೂಪರ್‌ಮಾರ್ಕೆಟ್‌ನಿಂದ. ಆಲ್ಡಿ, ಲಿಡ್ಲ್, ಪೆನ್ನಿ, ನೆಟ್ಟೊ ಅಗ್ಗ. ರೇವೆ, ಎಡೆಕಾ ಸ್ವಲ್ಪ ಜಾಸ್ತಿ. ಭಾನುವಾರ ಎಲ್ಲವೂ ಮುಚ್ಚಿರುತ್ತದೆ, ದೊಡ್ಡ ರೈಲು ನಿಲ್ದಾಣದೊಳಗಿನ ಅಂಗಡಿ ಬಿಟ್ಟು. ಬವೇರಿಯಾದಲ್ಲಿ ವಾರದ ದಿನವೂ ರಾತ್ರಿ 8ಕ್ಕೆ ಬಾಗಿಲು. 27ರ ಭಾನುವಾರ ಬಾಖರಾಖ್‌ಗೆ ಹೋಗುವವರು ಶನಿವಾರವೇ ಕಲೋನ್‌ನಲ್ಲಿ ಕೊಂಡಿರಬೇಕು.

ಹಾಸ್ಟೆಲ್ ಒಲೆಯಲ್ಲಿ ತೊಗರಿಬೇಳೆ ಕುಕ್ಕರ್ ಇಲ್ಲದೆ ಬೇಯುವಷ್ಟರಲ್ಲಿ ಹಿಂದೆ ನಾಲ್ಕು ಜನ ಕಾಯುತ್ತಿರುತ್ತಾರೆ. 'ರೋಟೆ ಲಿನ್‌ಸನ್' ಎಂದು ಮಾರುವ ಕೆಂಪು ಮಸೂರ್ 15 ನಿಮಿಷದಲ್ಲಿ ಬೇಯುತ್ತದೆ. ಇಬ್ಬರಿಗೆ 120 ಗ್ರಾಂ ಮಸೂರ್, 180 ಗ್ರಾಂ ಬಾಸ್ಮತಿ, ಒಂದು ಈರುಳ್ಳಿ, ಎರಡು ಟೊಮೇಟೊ, ಒಂದು ಕ್ಯಾರೆಟ್, ಮನೆಯಿಂದ ತಂದ ಬಿಸಿಬೇಳೆಬಾತ್ ಪುಡಿ ಎರಡು ಚಮಚ. ಒಂದೇ ಪಾತ್ರೆ, 25 ನಿಮಿಷ, ಪಕ್ಕಕ್ಕೆ ಸಾದಾ ಮೊಸರು. ಅಕ್ಕಿ ಕೊಳ್ಳುವಾಗ 'ಮಿಲ್ಶ್‌ರೈಸ್' ಬೇಡ, ಅದು ಪಾಯಸದ ಅಂಟಕ್ಕಿ.

ಚೀಲದಲ್ಲಿ ಪುಡಿಗಳು, ಅವಲಕ್ಕಿ ಇರಲಿ. ತುಪ್ಪ, ಹಾಲಿನ ಪೇಡ, ಹಸಿ ಕರಿಬೇವು ಬೇಡ: ಯುರೋಪ್ ಒಕ್ಕೂಟದ ಹೊರಗಿನಿಂದ ಹಾಲಿನ ಪದಾರ್ಥ ತರುವಂತಿಲ್ಲ, ಹಸಿ ಸೊಪ್ಪಿಗೆ ಪ್ರಮಾಣಪತ್ರ ಬೇಕು.

ಹೊರಗೆ ತಿನ್ನುವಾಗ ಮಾಂಸ ಕಣ್ಣಿಗೆ ಕಾಣುವ ಕಡೆಗಿಂತ ಕಾಣದ ಕಡೆ ಹೆಚ್ಚು ತೊಂದರೆ. ದಕ್ಷಿಣ ಜರ್ಮನಿಯ ಆಲೂಗಡ್ಡೆ ಸಲಾಡ್‌ಗೆ ಮಾಂಸದ ಸಾರು ಹಾಕುತ್ತಾರೆ. ಹುರಿದ ಆಲೂಗಡ್ಡೆಯಲ್ಲಿ ಹಂದಿಮಾಂಸದ ಚೂರು, ಕೆಂಪು ಎಲೆಕೋಸಿನಲ್ಲಿ ಹಂದಿ ಕೊಬ್ಬು ಇರಬಹುದು. ಚೀಸ್ ಹಾಕಿದ ಷ್ಪೆಟ್ಸ್ಲೆ (ನೂಡಲ್ಸ್‌ನಂಥ ತಿನಿಸು) ಸಸ್ಯಾಹಾರವೆಂದು ಎಲ್ಲರೂ ಹೇಳುತ್ತಾರೆ, ಆದರೆ ಹಿಟ್ಟಿಗೇ ಮೊಟ್ಟೆ ಕಲಸಿರುತ್ತದೆ. ಮೊಟ್ಟೆ ತಿನ್ನದವರಿಗೆ 'ವೆಗೆಟಾರಿಶ್' ಎಂಬ ಗುರುತು ಸಾಲದು, 'ವೇಗಾನ್' ಎಂದಿರುವುದನ್ನು ಹುಡುಕುವುದೇ ನೆಮ್ಮದಿ. ಟರ್ಕಿಯವರ ಅಂಗಡಿಯ ಫಲಾಫೆಲ್ 6, 7 ಯೂರೋಗೆ ಹೊಟ್ಟೆ ತುಂಬಿಸುತ್ತದೆ. ಮ್ಯೂನಿಕ್‌ನ ಸಾಂಪ್ರದಾಯಿಕ ಬಿಯರ್ ತೋಟಗಳಲ್ಲಿ ಮೇಜುಬಟ್ಟೆ ಹಾಸದ ಮೇಜಿನಲ್ಲಿ ಮನೆಯ ಊಟ ಬಿಚ್ಚಿ ತಿನ್ನಬಹುದು, ಕುಡಿಯುವುದನ್ನು ಮಾತ್ರ ಅಲ್ಲಿ ಕೊಳ್ಳಬೇಕು. ನಿಂಬೆ ಪಾನಕ ಕೊಂಡರೂ ಸರಿಯೇ.

ನಲ್ಲಿ ನೀರು ಕುಡಿಯಬಹುದು. ಪ್ಲಾಸ್ಟಿಕ್ ಬಾಟಲಿ, ಕ್ಯಾನ್ ಕೊಂಡರೆ 25 ಸೆಂಟ್ ಠೇವಣಿ ಸೇರಿರುತ್ತದೆ. ಖಾಲಿ ಬಾಟಲಿಯನ್ನು ಜಜ್ಜದೆ ಸೂಪರ್‌ಮಾರ್ಕೆಟ್ ಯಂತ್ರಕ್ಕೆ ಹಾಕಿ ಚೀಟಿ ಪಡೆಯಬೇಕು.

ವೀಸಾ ಮತ್ತು ಒಟ್ಟು ಲೆಕ್ಕ

ಜರ್ಮನಿಯೂ ಸೇರಿ ಯುರೋಪಿನ ಹಲವು ದೇಶಗಳಿಗೆ ಸಲ್ಲುವ ಷೆಂಗೆನ್ ವೀಸಾಗೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, ಅಂದರೆ ಮಾರ್ಚ್‌ನಿಂದ. ನಿರ್ಧಾರಕ್ಕೆ 15 ದಿನ, ಕೆಲವೊಮ್ಮೆ 45. ಬೇಸಿಗೆಯಲ್ಲಿ ಬೆಂಗಳೂರಿನ ಕೇಂದ್ರದಲ್ಲಿ ಅಪಾಯಿಂಟ್‌ಮೆಂಟ್‌ಗೇ ಕಾಯಬೇಕಾಗುವುದರಿಂದ ಮೇ ತಿಂಗಳೊಳಗೆ ಅರ್ಜಿ ಮುಗಿಸುವುದು ಗುರಿ. ಶುಲ್ಕ 90 ಯೂರೋ, ಸೇವಾ ಶುಲ್ಕ ಬೇರೆ. ವಿಮೆ ಕನಿಷ್ಠ 30,000 ಯೂರೋ ಮೊತ್ತದ್ದು. ಹೆಚ್ಚು ಜನ ಎಡವುವುದು ದಿನಗಳ ಎಣಿಕೆಯಲ್ಲಿ: 28 ರಾತ್ರಿ ಎಂದರೆ 29 ದಿನ, ಇಳಿದ ದಿನವೂ ಹೊರಟ ದಿನವೂ ಸೇರಿ. ಅರ್ಜಿಯಲ್ಲೂ ವಿಮೆಯಲ್ಲೂ 28 ಎಂದು ಬರೆದರೆ ಕೊನೆಯ ದಿನಕ್ಕೆ ವೀಸಾ ಇಲ್ಲ. ಹತ್ತು ಊರುಗಳ ಬುಕಿಂಗ್‌ನಲ್ಲಿ ಇಬ್ಬರ ಹೆಸರೂ ಕಾಣಬೇಕು, ರಾತ್ರಿಗಳ ನಡುವೆ ಒಂದೂ ಖಾಲಿ ಇರಬಾರದು. ವೀಸಾ ಕೈಗೆ ಬರುವವರೆಗೆ ಉಚಿತವಾಗಿ ರದ್ದಾಗುವ ಬುಕಿಂಗ್ ಮಾತ್ರ. ಮರುಪಾವತಿ ಇಲ್ಲದ ಅಗ್ಗದ ದರದ ಆಸೆಗೆ ಬೀಳಬಾರದು. 2025ರ ಜುಲೈನಿಂದ ಜರ್ಮನಿ ವೀಸಾ ನಿರಾಕರಣೆಯ ವಿರುದ್ಧ ಕಚೇರಿಗೇ ಮರುಪರಿಶೀಲನೆ ಕೋರುವ ದಾರಿಯನ್ನು ತೆಗೆದುಹಾಕಿದೆ. ಹೊಸ ಅರ್ಜಿ ಅಥವಾ ನ್ಯಾಯಾಲಯ, ಎರಡೇ ಉಳಿದಿವೆ.

ಖರ್ಚು ತಲೆಗೆ ಹೀಗೆ ಕೂಡುತ್ತದೆ: ತಂಗಲು 1,020, ಊಟ 29 ದಿನಕ್ಕೆ 435, ಓಡಾಟ 100, ಪ್ರವೇಶ ಶುಲ್ಕ 120, ಬಟ್ಟೆ ಒಗೆತ, ಲಾಕರ್, ಶೌಚಾಲಯಕ್ಕೆ 50, ಸಿಮ್ 25. ಒಟ್ಟು 1,750 ಯೂರೋ. ಮೇಲೆ ಶೇಕಡಾ 10 ಸೇರಿಸಿ 1,925. ಯೂರೋಗೆ 105 ರೂಪಾಯಿ ಹಿಡಿದರೆ 2,02,000. ವಿಮಾನಕ್ಕೆ 65,000, ವೀಸಾ ಮತ್ತು ವಿಮೆಗೆ 14,000. ಮೊತ್ತ 2,81,000 ರೂಪಾಯಿ. ಮಿತಿಯೊಳಗೆ 19,000 ಉಳಿಯುತ್ತದೆ, ವಿಮಾನದ ದರ ಏರಿದರೆ ಅದೇ ಗತಿ.

ಸಣ್ಣ ಬೇಕರಿ, ಶೌಚಾಲಯಗಳಿಗೆ ನಗದು ಬೇಕು. ಎಟಿಎಂನಲ್ಲಾಗಲಿ ಕಾರ್ಡ್ ಯಂತ್ರದಲ್ಲಾಗಲಿ 'ರೂಪಾಯಿಯಲ್ಲಿ ಕಡಿತ ಮಾಡಲೇ' ಎಂದು ಕೇಳಿದರೆ ಯೂರೋ ಎಂದೇ ಒತ್ತಬೇಕು. ರೂಪಾಯಿ ಒತ್ತಿದರೆ ವಿನಿಮಯ ದರ ಅವರು ಹೇಳಿದ್ದೇ. ರಸ್ತೆ ಬದಿಯ, ಯಾವ ಬ್ಯಾಂಕಿಗೂ ಸೇರದ ಎಟಿಎಂ ಬಿಟ್ಟು ಬ್ಯಾಂಕ್‌ನ ಗೋಡೆಯಲ್ಲಿರುವುದನ್ನು ಬಳಸಿ.

ವೀಸಾ ತಡವಾದರೆ

ಆಗಸ್ಟ್ 20ರೊಳಗೆ ಪಾಸ್‌ಪೋರ್ಟ್ ಕೈಗೆ ಬಾರದಿದ್ದರೆ ಪ್ರವಾಸವನ್ನು ಒಂದು ವಾರ ಮುಂದೂಡುವುದು ಸಹಜವಾಗಿ ತೋಚುವ ದಾರಿ, ಮತ್ತು ಅತಿ ದುಬಾರಿ ದಾರಿಯೂ ಹೌದು. ಸೆಪ್ಟೆಂಬರ್ 8ಕ್ಕೆ ಹೊರಟರೆ ಕೊನೆಯ ವಾರ ಅಕ್ಟೋಬರ್‌ಗೆ ಜಾರಿ ತಲೆಗೆ ಇನ್ನೊಂದು 63 ಯೂರೋ, ಬರ್ಲಿನ್ ಮೇಳದ ವಾರಕ್ಕೇ ಬೀಳುತ್ತದೆ, ಅಕ್ಟೋಬರ್ 3ರ ರಾಷ್ಟ್ರೀಯ ರಜೆ ಈ ಸಲ ಶನಿವಾರ ಬಂದು ಅಂಗಡಿಗಳು ಎರಡು ದಿನ ಸತತ ಮುಚ್ಚುತ್ತವೆ. ಅದರ ಬದಲು ಮೊದಲ ಊರನ್ನು ಕತ್ತರಿಸಬೇಕು: ಮ್ಯೂನಿಕ್‌ನ ಆರು ರಾತ್ರಿ ಬಿಟ್ಟು 7ಕ್ಕೆ ಇಳಿದು ನೇರ ಟ್ಯೂಬಿಂಗನ್‌ಗೆ ಹೋಗುವುದು, ಮುಂದಿನ ಒಂದೂ ಬುಕಿಂಗ್ ಅಲುಗಾಡುವುದಿಲ್ಲ. ಮ್ಯೂನಿಕ್ ನೋಡಲೇಬೇಕೆಂದಿದ್ದರೆ 10 ಅಥವಾ 11ರಂದು ನ್ಯೂರೆಂಬರ್ಗ್‌ನಿಂದ ಹೋಗಿಬರಬಹುದು, ಆರ್‌ಇ ರೈಲಿಗೆ ಒಂದು ಕಡೆಗೆ ಸುಮಾರು ಒಂದೂಮುಕ್ಕಾಲು ಗಂಟೆ.